ಶನಿವಾರ ಹನ್ನೊಂದು ಗಂಟೆಗೆ ಗಾಣ

ಠಾಣೆ
3 ಡಿಸೆಂಬರ್ 2006, ಭಾನುವಾರ

ಬೆನು ದಾದಾ,

1959ರ ನವೆಂಬರ್ 28ರ ಶನಿವಾರ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಕಾಂದಳೆಯ ನಮ್ಮ ಪ್ರಾರ್ಥನಾಮಂದಿರದಲ್ಲಿ ನಿನ್ನ ತಂದೆ ಹನೋಖ್ ಕಾಕಾ ಎದ್ದು ನಿಂತು ನನ್ನ ಅಣ್ಣ ರಹಮೀಮನಿಗೆ ಬಹಿಷ್ಕಾರ ಹಾಕಿದರು. ನಾನು ಮೇಲೆ ಹೆಂಗಸರ ಅಟ್ಟದಲ್ಲಿ ಆಯಿಯ ಪಕ್ಕ ಕೂತಿದ್ದೆ. ನನಗೆ ಹತ್ತು ವರ್ಷ. ಆ ಮಾತುಗಳು ಇವತ್ತಿಗೂ ಹಾಗೆಯೇ ಕಿವಿಯಲ್ಲಿವೆ: "ಇವನು ಹೋದ ಶನಿವಾರ ಗಾಣ ತಿರುಗಿಸಿದ್ದಾನೆ. ಇವತ್ತಿನಿಂದ ಇವನು ಕಾಂದಳ್ಕರ್ ಅಲ್ಲ. ಇವನ ಜೊತೆ ಯಾರೂ ಪ್ರಾರ್ಥನೆಗೆ ನಿಲ್ಲಬಾರದು, ಊಟಕ್ಕೆ ಕೂರಬಾರದು." ರಹಮೀಮ್ ತಲೆ ಎತ್ತಲಿಲ್ಲ. ಅವನಿಗೆ ಹತ್ತೊಂಬತ್ತು. ಅದೇ ಸಂಜೆ ಹಡಗಿನ ಕಟ್ಟೆಗೆ ಒಬ್ಬನೇ ನಡೆದುಕೊಂಡು ಹೋದ.

ಇದನ್ನು ಈಗ ಯಾಕೆ ಎತ್ತುತ್ತೀಯ ಎಂದು ಕೇಳುತ್ತೀಯ. ಇವತ್ತಿನ ಪತ್ರಿಕೆಯಲ್ಲಿ ನಿನ್ನ ಜಾಹೀರಾತು ನೋಡಿದೆ, ಅದಕ್ಕೆ. ನಮ್ಮ ಅಜ್ಜನ ಮನೆ ಈಗ 'ಹಸ್ಸಾಜಿ ವಾಡಾ' ಎಂಬ ವಿಶ್ರಾಂತಿಧಾಮವಾಗಿದೆಯಂತೆ. ತೆಂಗಿನ ತೋಟ, ಸಮುದ್ರ, ಜೋಲಿ, ಎರಡು ರಾತ್ರಿಯ ನೆಮ್ಮದಿ. ಮೇಲೆ ದಪ್ಪ ಅಕ್ಷರದಲ್ಲಿ: 'ದೇವರೂ ಏಳನೆಯ ದಿನ ವಿಶ್ರಾಂತಿ ತೆಗೆದುಕೊಂಡ, ನೀವೂ ಬನ್ನಿ.' ಕೆಳಗೆ: 'ಇನ್ನೂರು ವರ್ಷ ಶನಿವಾರ ಕೆಲಸ ಮುಟ್ಟದ ಯೆಹೂದಿ ಗಾಣಿಗರ ಮನೆತನ. ಅವರ ಗಾಣ ತಿರುಗುವುದನ್ನು ಕಣ್ಣಾರೆ ನೋಡಿ. ಪ್ರತಿ ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ.'

ಮೂರು ಸಲ ಓದಿದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಎರಡು ಸಾಲಿನೊಳಗೆ ತನ್ನನ್ನು ತಾನೇ ಸುಳ್ಳು ಮಾಡಿಕೊಳ್ಳುವ ಬರಹ ಇಷ್ಟು ನಾಚಿಕೆಯಿಲ್ಲದೆ ಅಚ್ಚಾದದ್ದನ್ನು ನೋಡಿರಲಿಲ್ಲ.

ಈ ಕರಾವಳಿಯಲ್ಲಿ ನಮ್ಮನ್ನು ಯಾರೂ ಯೆಹೂದಿಗಳು ಎಂದು ಕರೆಯುತ್ತಿರಲಿಲ್ಲ. ಶನಿವಾರದ ಗಾಣಿಗರು ಎನ್ನುತ್ತಿದ್ದರು. ಪವಿತ್ರ ಗ್ರಂಥ ಕಳೆದುಕೊಂಡೆವು, ಭಾಷೆ ಕಳೆದುಕೊಂಡೆವು, ಪ್ರಾರ್ಥನೆಯ ಒಂದೇ ಒಂದು ಸಾಲು ಉಳಿಸಿಕೊಂಡೆವು. ಆದರೆ ಶನಿವಾರ ಗಾಣ ನಿಲ್ಲಿಸಿದೆವು. ನಾವು ಯಾರು ಎನ್ನುವುದಕ್ಕೆ ಉಳಿದಿದ್ದ ಗುರುತು ಅದೊಂದೇ. ನನ್ನ ತಂದೆ ಬಾಬಾ ಹೇಳುತ್ತಿದ್ದರಲ್ಲ, "ಶುಕ್ರವಾರ ಸೂರ್ಯ ಮುಳುಗಿದ ಮೇಲೆ ನಮ್ಮ ಎತ್ತೂ ಇಸ್ರಾಯೇಲಿಯೇ" ಅಂತ.

ಕೇಳುವುದು ಇಷ್ಟೇ. ಶನಿವಾರ ಗಾಣ ತಿರುಗಿಸುವುದು ಪಾಪವಾದರೆ ನೀನು ನಿಲ್ಲಿಸು. ಪಾಪವಲ್ಲವಾದರೆ, ನನ್ನ ಅಣ್ಣನ ಬಹಿಷ್ಕಾರ ತಪ್ಪು ಎಂದು ಹೇಳು.

ಸಿಪ್ಪೋರಾ


ಹಸ್ಸಾಜಿ ವಾಡಾ, ಕಾಂದಳೆ
14 ಡಿಸೆಂಬರ್ 2006

ಪ್ರೀತಿಯ ಸಿಪ್ಪು,

ಎಷ್ಟು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ! ಅದೇ ದುಂಡನೆಯ ಮೇಷ್ಟರ ಅಕ್ಷರ, ಅದೇ ಬೆತ್ತ. ಓದುತ್ತಾ ನನಗೆ ಅರವತ್ತನಾಲ್ಕು ಎನ್ನುವುದೇ ಮರೆತುಹೋಗಿ, ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಯಿತು.

ನೀನು ಹೆದರುವಂಥದ್ದು ಏನೂ ಇಲ್ಲ ತಂಗಿ. ಅದು ಬರೀ ತೋರಿಕೆಗೆ. ಎತ್ತು ಏಳೆಂಟು ಸುತ್ತು ಹಾಕುತ್ತೆ, ಒಂದು ಹಿಡಿ ಎಳ್ಳು, ಎಣ್ಣೆ ಬಂದರೆ ಬಂತು. ಹೊಡೆಯುವವನು ಪಾಂಡು, ನಮ್ಮವನಲ್ಲ. ಜನ ಬರುವುದೇ ಶನಿವಾರ ಭಾನುವಾರ. ಬುಧವಾರ ಗಾಣ ತಿರುಗಿಸಿದರೆ ನೋಡುವುದಕ್ಕೆ ಕಾಗೆ ಬರುತ್ತಾ? ನಾನು ಈ ಮನೆ ಉಳಿಸದೇ ಇದ್ದಿದ್ದರೆ ಇಷ್ಟೊತ್ತಿಗೆ ಯಾರೋ ಬಿಲ್ಡರ್ ಕೆಡವಿ ಈಜುಕೊಳ ತೋಡುತ್ತಿದ್ದ. ಬಂದವರು ಕೇಳುತ್ತಾರೆ, ನಾವು ಬೇನೆ ಇಸ್ರಾಯೇಲ್ ಯೆಹೂದಿಗಳು ಅಂದರೆ ಯಾರು, ಎಲ್ಲಿಂದ ಬಂದರು ಅಂತ. ನಾನು ಹೇಳುತ್ತೇನೆ. ಇದನ್ನು ಮಾಡುವವರು ನಮ್ಮಲ್ಲಿ ಇನ್ನು ಯಾರಿದ್ದಾರೆ? ಅರ್ಧ ಜನ ಹೈಫಾದಲ್ಲಿ, ಅರ್ಧ ಜನ ಸ್ಮಶಾನದಲ್ಲಿ.

ಆ ಹಳೆಯ ಮಾತು ಬಿಡು. ಹಾಕಿದವರೂ ಇಲ್ಲ, ಕೇಳಿದವರೂ ಬಹುಪಾಲು ಇಲ್ಲ. ಆಗ ನೀನು ಹತ್ತು ವರ್ಷದವಳು, ದೊಡ್ಡವರ ವಿಷಯ ನಿನಗೇನು ಗೊತ್ತು. ನನ್ನ ಅಪ್ಪ ಕಠಿಣ ಮನುಷ್ಯ, ನಿಜ. ಆದರೆ ಮುಕಾದಮ, ಸಮಾಜದ ಯಜಮಾನ ಆದವನು ಧರ್ಮ ನೋಡಬೇಕಲ್ಲ.

ಜನವರಿ 26 ಶುಕ್ರವಾರ ಬಂದಿದೆ, ಮೂರು ದಿನ ರಜೆ. ಬಾ. ಸಮುದ್ರದ ಕಡೆಯ ಕೋಣೆ ಕೊಡಿಸುತ್ತೇನೆ. ಕಾಲು ಚಾಚಿ ಮಲಗು, ಎಳನೀರು ಕುಡಿ, ಸಿಟ್ಟು ತಾನಾಗಿ ಇಳಿಯುತ್ತೆ.

ನಿನ್ನ
ಬೆನು ದಾದಾ


ಠಾಣೆ
30 ಜನವರಿ 2007

ಬೆನು ದಾದಾ,

ಬಂದಿದ್ದೆವು. ನಿನಗದು ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ನೋಡಿಲ್ಲವೆಂದು ಹೇಳುವ ಮನುಷ್ಯ.

ನಿನ್ನ ಪತ್ರವನ್ನು ರಹಮೀಮನಿಗೆ ತೋರಿಸಬಾರದೆಂದುಕೊಂಡಿದ್ದೆ. ಹೆಂಡತಿ ಹೋದಮೇಲೆ ಅವನು ನನ್ನ ಮನೆಯಲ್ಲೇ ಇದ್ದಾನೆ, ಅಂಚೆಯವನ ಕೈಯಿಂದ ಕಾಗದ ಇಸಿದುಕೊಳ್ಳುವವನೂ ಅವನೇ. ಓದಿ ಮಡಚಿ ಇಟ್ಟ. ಎರಡು ದಿನ ಕಳೆದು, "ಸಿಪ್ಪು, ಮನೆ ಒಂದು ಸಲ ನೋಡ್ಕೊಂಡು ಬರೋಣ್ವಾ?" ಎಂದ. ನಲವತ್ತೇಳು ವರ್ಷದಲ್ಲಿ ಮೊದಲ ಬಾರಿ ಆ ಮನೆಯ ಮಾತೆತ್ತಿದ. ಅಳಿಯನ ಹೆಸರಿನಲ್ಲಿ ಕೋಣೆ ಹಿಡಿಸಿದೆ, ಅತಿಥಿಗಳಾಗಿ ಬಂದೆವು.

ಶುಕ್ರವಾರ ಇನ್ನೂ ಬಿಸಿಲಿರುವಾಗಲೇ ತಲುಪಿದೆವು. ಬಾಗಿಲಲ್ಲಿ ಅವನ ಕೈ ತಾನಾಗಿ ಚೌಕಟ್ಟಿನ ಬಲಗಡೆಗೆ ಹೋಯಿತು. ಅಲ್ಲಿ ದೇವವಾಕ್ಯದ ಸುರುಳಿಯ ಕೊಳವೆ ಇರುತ್ತಿತ್ತಲ್ಲ, ಒಳಗೆ ಹೋಗುವಾಗ ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದೆವಲ್ಲ, ಅಲ್ಲಿ. ಅವನ ಬೆರಳಿಗೆ ಸಿಕ್ಕಿದ್ದು ಕರೆಗಂಟೆಯ ಗುಂಡಿ. ಒಳಗಿಂದ ಒಬ್ಬ ಹುಡುಗಿ ಓಡಿಬಂದಳು: "ಹೇಳಿ ಅಂಕಲ್, ಏನು ಬೇಕಿತ್ತು?"

"ಏನೂ ಬೇಡಮ್ಮ," ಎಂದ. "ಅಭ್ಯಾಸ."

ಸಂಜೆ ಕೋಣೆಯಲ್ಲೇ ದೀಪ ಹಚ್ಚಿದೆ. ನೆನೆಸಿದ ಒಣದ್ರಾಕ್ಷಿಯ ರಸ ಮನೆಯಿಂದ ತಂದಿದ್ದೆ. ಅವನು ಲೋಟ ಹಿಡಿದು ಆಶೀರ್ವಾದ ಹೇಳುತ್ತಿದ್ದರೆ, ಪಕ್ಕದ ಪಡಸಾಲೆಯಲ್ಲಿ ಪುಣೆಯ ಹುಡುಗರ ಗುಂಪು ಸಿಗಡಿ ಹುರಿದದ್ದನ್ನು ತಿನ್ನುತ್ತಾ ಕುಣಿಯುತ್ತಿತ್ತು. ಯೆಹೂದಿ ಬಾಯಿಗೆ ಸಲ್ಲದ ಸಿಗಡಿ! ರಹಮೀಮ್ ನಗುತ್ತಾನೆ. "ಆಯೀ ಒಲೆ ಮೇಲೆ ಸಿಗಡಿ! ಅವಳು ಇದ್ದಿದ್ರೆ ಬಾಣಲೆ ಸಮೇತ ಸಮುದ್ರಕ್ಕೆ ಎಸೀತಿದ್ಲು." ನನಗೆ ನಗು ಬರಲಿಲ್ಲ.

ಶನಿವಾರ ಹನ್ನೊಂದಕ್ಕೆ ಅಂಗಳದಲ್ಲಿ ನಲವತ್ತು ಕುರ್ಚಿ. ಎತ್ತಿನ ಕೊಂಬಿಗೆ ರಿಬ್ಬನ್. ಮೈಕು ಹಿಡಿದ ಹುಡುಗ ನಮ್ಮ ಪೂರ್ವಿಕರ ಹಡಗು ಒಡೆದದ್ದು, ಏಳು ಗಂಡು ಏಳು ಹೆಣ್ಣು ದಡ ಸೇರಿದ್ದು ಎಲ್ಲವನ್ನೂ ಚೆನ್ನಾಗಿಯೇ ಹೇಳಿದ. ಗೋಡೆಯ ಮೇಲಿನ ನಿನ್ನ ಅಪ್ಪನ ದೊಡ್ಡ ಫೋಟೊ ತೋರಿಸಿದ. ಅದರ ಕೆಳಗೆ ಬರೆದದ್ದನ್ನು ನಾನು ಎರಡೆರಡು ಸಲ ಓದಿಕೊಂಡೆ: 'ಹನೋಖ್ ಹಸ್ಸಾಜಿ ಕಾಂದಳ್ಕರ್. ಜೀವಮಾನದಲ್ಲಿ ಒಂದು ಶನಿವಾರವೂ ಗಾಣ ತಿರುಗಗೊಡದ ಧರ್ಮನಿಷ್ಠ.' ಪಕ್ಕದಲ್ಲಿ ವಂಶವೃಕ್ಷ. ಬಾಬಾನ ಹೆಸರಿನ ಕೆಳಗೆ ಒಂದೇ ಕೊಂಬೆ, ಅದರಲ್ಲಿ ನಾನು. ಆ ಗೋಡೆಯ ಪ್ರಕಾರ ಬಾಬಾನಿಗೆ ಮಗನೇ ಇರಲಿಲ್ಲ.

ಆಮೇಲೆ ಆ ಹುಡುಗ ಕೂಗಿದ: "ಯಾರಾದ್ರೂ ಬಂದು ಎತ್ತು ಹೊಡೀತೀರಾ? ಫೋಟೊ ತೆಗೀತೀವಿ! ಬಿಳಿ ಟೋಪಿ ಅಂಕಲ್, ನೀವು ಬನ್ನಿ! ಚಪ್ಪಾಳೆ!"

ರಹಮೀಮ್ ಎದ್ದ. ಮುಂದೆ ಹೋದ. ಎತ್ತಿನ ಕುತ್ತಿಗೆ ಸವರಿದ, ನೊಗ ಎತ್ತಿ ನೋಡಿದ. ಹುಡುಗ ಬಾರುಕೋಲನ್ನು ಕೈಗೆ ತುರುಕಲು ಬಂದ. ಇವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಬೇಡ ಮಗಾ. ಇವತ್ತು ಶನಿವಾರ."

"ಅದಕ್ಕೇ ಅಲ್ವಾ ಅಂಕಲ್ ಶೋ ಇರೋದು!"

ಜನ ನಕ್ಕರು. ಅವನು ಎರಡನೆಯ ಸಲ, ಅಷ್ಟೇ ಮೆಲ್ಲಗೆ ಹೇಳಿದ: "ಈ ಮನೇಲಿ ಶನಿವಾರ ಗಾಣ ತಿರುಗಿಸಬಾರದು. ತಿರುಗಿಸಿದವರನ್ನ ಹೊರಗೆ ಹಾಕ್ತಾರೆ." ಯಾರೋ ಹಿಂದಿನಿಂದ, "ಅಜ್ಜನಿಗೆ ಬಿಸಿಲು ಹತ್ತಿದೆ, ಕೂರಿಸ್ರೋ" ಎಂದರು. ನೀನು ಜಗಲಿಯ ಮೇಲೆ ನಿಂತಿದ್ದೆ. ನಿನ್ನ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಅವನೂ ನಿನ್ನನ್ನು ನೋಡಿದ. ನೀನು ತಿರುಗಿ ಆಫೀಸು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ದೊಡ್ಡವರ ವಿಷಯ ನಿನಗೇನು ಗೊತ್ತು ಎಂದು ಬರೆದಿದ್ದೆಯಲ್ಲ. ನನಗೆ ಗೊತ್ತಿರುವುದು ಇದು. 1959ರ ನವೆಂಬರ್ 20, ಶುಕ್ರವಾರ ಮಧ್ಯಾಹ್ನ. ನಾನು ಒಳಕೋಣೆಯಲ್ಲಿ ಅಕ್ಕಿಯ ಕಣಜದ ಹಿಂದೆ ಕೂತು ಕದ್ದ ಬೆಲ್ಲ ತಿನ್ನುತ್ತಿದ್ದೆ. ಹೊರಗೆ ಕಾಕಾ, ರಹಮೀಮ್, ನೀನು. ಪಾಟೀಲರ ಮಗಳ ಮದುವೆ ಭಾನುವಾರ, ಅವರ ಎಣ್ಣೆ ಇನ್ನೂ ಅರ್ಧ ಆಗಿರಲಿಲ್ಲ, ಎತ್ತು ವಾರವಿಡೀ ಕುಂಟುತ್ತಿತ್ತು.

"ನಾಳೆ ತಿರುಗಿಸು," ಎಂದರು ಕಾಕಾ.

"ಕಾಕಾ, ನಾಳೆ ಶನಿವಾರ..."

"ನನಗೆ ವಾರ ಹೇಳಿಕೊಡ್ತೀಯಾ? ಪಾಟೀಲನಿಗೆ ಮಾತು ಕೊಟ್ಟಿದ್ದೀನಿ. ಹಿಂದಿನ ಬಾಗಿಲು ಹಾಕ್ಕೋ, ಎತ್ತಿನ ಗಂಟೆಗೆ ಬಟ್ಟೆ ಸುತ್ತು. ಬೆನು ಬೀದಿ ಬಾಗಿಲಲ್ಲಿ ನಿಂತಿರ್ತಾನೆ. ಪಾಪ ನನ್ನ ತಲೆ ಮೇಲೆ."

ಗಂಟೆಗೆ ಬಟ್ಟೆ ಸುತ್ತಬಹುದು, ಮರದ ಗಾಣದ ನರಳಿಕೆಗೆ ಸುತ್ತಲಾಗುವುದಿಲ್ಲ. ಇಡೀ ಕೇರಿಗೆ ಕೇಳಿಸಿತು. ಜನ ಮುಕಾದಮರ ಬಾಗಿಲಿಗೆ ಬಂದರು. ಪಾಪ ಯಾರ ತಲೆಯ ಮೇಲೆ ಕೂತಿತು ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು.

ಅವನು ಯಾಕೆ ಬಾಯಿ ಬಿಡಲಿಲ್ಲ? ಬಾಬಾ ಉಬ್ಬಸದಿಂದ ಹಾಸಿಗೆ ಹಿಡಿದಿದ್ದರು, ಮನೆ ಕಾಕಾನ ಕೈಯಲ್ಲಿತ್ತು. "ಒಂದು ಮಾತಾಡಿದರೆ ನಿನ್ನ ಅಪ್ಪ, ಅಮ್ಮ, ತಂಗಿ ಇವತ್ತೇ ಬೀದಿಗೆ" ಎಂದಿದ್ದರು. ಇದನ್ನು ಅವನು ನನಗೆ ಹೇಳಿದ್ದು ಈ ಶನಿವಾರ, ನಿನ್ನ ಜೋಲಿಯಲ್ಲಿ ಕೂತು. ಐದು ವರ್ಷದ ಮೇಲೆ ಬಾಬಾ ತೀರಿಕೊಂಡಾಗ ಅವನು ಬೊಂಬಾಯಿಯಿಂದ ಬಂದ. ತಂದೆಗೆ ಪ್ರಾರ್ಥನೆ ಹೇಳಲು ಹತ್ತು ಗಂಡಸರು ಜೊತೆಗೆ ನಿಲ್ಲಬೇಕು. ಒಬ್ಬರೂ ನಿಲ್ಲಲಿಲ್ಲ. ಸ್ಮಶಾನದ ಗೋಡೆಯ ಆಚೆ ಗೋರಂಟಿ ಪೊದೆಯ ಹತ್ತಿರ ಒಬ್ಬನೇ ನಿಂತಿದ್ದ. ನೀನು ಗೋಡೆಯ ಈಚೆ ಇದ್ದೆ.

ಮೂವತ್ತಾರು ವರ್ಷ ರೈಲ್ವೆ ಕಾರ್ಖಾನೆಯಲ್ಲಿ ದುಡಿದ ನನ್ನ ಅಣ್ಣ. ದೀಪಾವಳಿ, ಹೋಳಿ, ಎಲ್ಲರ ಭಾನುವಾರದ ಪಾಳಿ ತಾನು ಮಾಡಿ, ಬದಲಿಗೆ ಶನಿವಾರ ಬಿಡಿಸಿಕೊಂಡ. ನಮ್ಮ ಇಡೀ ಮನೆತನದಲ್ಲಿ ಆ ಒಂದು ದಿನ ಬಿಟ್ಟರೆ ಒಂದೂ ಶನಿವಾರ ಮುರಿಯದವನು ಅವನೊಬ್ಬನೇ.

ಇದನ್ನು ಕಂಡ ಸಾಕ್ಷಿ ಇನ್ನೂ ಜೀವಂತ ಇರುವುದು ನೀನೊಬ್ಬ. ನಾನು ಕೇಳಿಸಿಕೊಂಡವಳು ಮಾತ್ರ.

ಸಿಪ್ಪೋರಾ


ಕಾಂದಳೆ
11 ಫೆಬ್ರವರಿ 2007

ಸಿಪ್ಪು,

ಆಫೀಸಿನ ಕಾಗದದಲ್ಲಿ ಬರೆಯುತ್ತಿಲ್ಲ, ನನ್ನ ಮಗನಿಗೂ ತೋರಿಸಿಲ್ಲ. ಓದಿದ ಮೇಲೆ ಹರಿದು ಹಾಕು.

ನನಗೆ ಹದಿನೇಳು ವರ್ಷ. ಅಪ್ಪನಿಗೆ ನಾನು ಎದುರಾಡಿದವನಲ್ಲ, ನಿನಗೂ ಗೊತ್ತು. ಬಾಗಿಲಲ್ಲಿ ನಿಲ್ಲು ಅಂದರು, ನಿಂತೆ. ಸುಮ್ಮನಿರು ಅಂದರು, ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು. ರಹಮೀಮ್ ಅಂಗಳದಲ್ಲಿ ನಿಂತು ನನ್ನ ಕಡೆ ನೋಡಿದನಲ್ಲ, ಆವತ್ತಿನಿಂದ ಊಟ ಸೇರುತ್ತಿಲ್ಲ.

ಆದರೆ ನನ್ನ ಕಷ್ಟವನ್ನೂ ನೋಡು. ಮೇ 6ರ ಭಾನುವಾರ ಎಲ್ಲ ಕಾಂದಳ್ಕರರನ್ನು ಇಲ್ಲಿ ಸೇರಿಸುತ್ತಿದ್ದೇನೆ. ಇಸ್ರೇಲಿನಿಂದ ಮೂವತ್ತು ಜನ ಬರುತ್ತಿದ್ದಾರೆ. ಪ್ರವಾದಿ ಎಲಿಯಾಹು ನಬಿಯ ಹೆಸರಿನಲ್ಲಿ ದೊಡ್ಡ ಮಲೀದಾ ಹರಕೆ, ಹೊಸ ಸಭಾಂಗಣದ ಉದ್ಘಾಟನೆ. ಅದಕ್ಕೆ ಅಪ್ಪನ ಹೆಸರಿಟ್ಟಿದ್ದೇನೆ, ಕಲ್ಲು ಕೆತ್ತಿಸಿ ಆಗಿದೆ. ಪತ್ರಿಕೆಯವರೂ ಬರುತ್ತಾರೆ. ಈಗ ಈ ಮಾತು ಎದ್ದರೆ ಅಪ್ಪನ ಹೆಸರೂ ಹೋಯಿತು, ಮನೆಯ ಹೆಸರೂ ಹೋಯಿತು.

ನಾನು ಒಂದು ಮಾಡಿದ್ದೇನೆ. ಪೇಂಟರನ್ನು ಕರೆಸಿ ವಂಶವೃಕ್ಷದಲ್ಲಿ ರಹಮೀಮನ ಹೆಸರು ಬರೆಸಿದ್ದೇನೆ. ಹೋಗಿ ಬಂದವರು ಯಾರೂ ಗಮನಿಸಿಲ್ಲ, ಮೊದಲಿನಿಂದಲೂ ಇತ್ತು ಅಂತಲೇ ಅಂದುಕೊಳ್ಳುತ್ತಾರೆ. ಅವನಿಗೆ ಯಾವಾಗ ಬೇಕಾದರೂ, ಎಷ್ಟು ದಿನ ಬೇಕಾದರೂ ಕೋಣೆ ಇದೆ. ಅವನು ಇರುವ ಶನಿವಾರ ಗಾಣ ನಿಲ್ಲಿಸುತ್ತೇನೆ. ಇಷ್ಟು ಸಾಲದೇ? ಮುಗಿಸೋಣ ತಂಗಿ. ಸದ್ದಿಲ್ಲದೆ ಮುಗಿಸೋಣ.

ಬೆನು


ಠಾಣೆ
4 ಮಾರ್ಚ್ 2007

ಬೆನು,

ಸಿಪ್ಪು ನಿನಗೆ ಏನು ಬರೆದಳೋ ನಾನು ಓದಿಲ್ಲ. ನಿನ್ನ ಕಾಗದ ಮಾತ್ರ ಓದಿದೆ. ಹರಿಯಲು ಅವಳು ಬಿಡಲಿಲ್ಲ.

ನಿನ್ನ ಎತ್ತಿನ ಬಲ ಹೆಗಲು ಸುಲಿದಿದೆ. ನೊಗ ಆ ಕಡೆ ತಗ್ಗಾಗಿದೆ, ಭಾರವೆಲ್ಲ ಅಲ್ಲೇ ಬೀಳುತ್ತೆ. ಪಾಂಡುವಿಗೆ ಹೇಳಿ ಎರಡು ಬೆರಳು ಎತ್ತರಿಸು. ಹುಣ್ಣಿಗೆ ಬೇವಿನೆಣ್ಣೆ ಹಚ್ಚು, ನೊಣ ಕೂರಬಾರದು. ವಾಸಿಯಾಗುವ ತನಕ ಕಟ್ಟಬೇಡ, ಶನಿವಾರ ಅಂತಲ್ಲ, ಯಾವ ವಾರವೂ ಬೇಡ. ಗಾಣದ ಒರಳು ಒಣಗಿ ಬಿರುಕು ಬಿಟ್ಟಿದೆ. ಹಿಂಡಿ ತುಂಬಿ ಹದಿನೈದು ದಿನ ಹಾಗೇ ಬಿಡು, ಮರ ಎಣ್ಣೆ ಕುಡಿಯಲಿ.

ನನ್ನ ಹೆಸರು ಬರೆಸಿದ್ದೀಯ. ಮೊದಲಿನಿಂದಲೂ ಇತ್ತು ಅಂದುಕೊಳ್ಳುತ್ತಾರೆ ಅಂದಿದ್ದೀಯ. ಇರಲಿಲ್ಲ ಬೆನು. ನಲವತ್ತೇಳು ವರ್ಷ ಇರಲಿಲ್ಲ. ಅದನ್ನೂ ಅಳಿಸಿಬಿಟ್ಟರೆ ನನ್ನ ಹತ್ತಿರ ಇನ್ನೇನು ಉಳಿಯುತ್ತೆ?

ಮೊನ್ನೆ ನಿನ್ನ ಜೋಲಿಯಲ್ಲಿ ಕೂತು ಸಿಪ್ಪುಗೆ ಹೇಳುವ ತನಕ ನಾನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅವಳು ಕಡೆಯವರೆಗೂ ನಾನು ತಪ್ಪು ಮಾಡಿದವನು ಅಂತಲೇ ನಂಬಿ, ಕ್ಷಮಿಸಿ, ಹೋದಳು.

ರಹಮೀಮ್


ಠಾಣೆ
22 ಏಪ್ರಿಲ್ 2007, ಭಾನುವಾರ

ಶ್ರೀ ಬೆನ್ಯಾಮಿನ್ ಹನೋಖ್ ಕಾಂದಳ್ಕರ್ ಅವರಿಗೆ,

ಈ ಪತ್ರದ ಪ್ರತಿಗಳನ್ನು ನಿಮ್ಮ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿರುವ ಪ್ರತಿಯೊಂದು ಕಾಂದಳ್ಕರ್ ಮನೆಗೂ ಕಳಿಸುತ್ತಿದ್ದೇನೆ, ಹೈಫಾ ಮತ್ತು ಲೋದ್‌ನ ಮನೆಗಳಿಗೂ. ಠಾಣೆ ಮತ್ತು ಕಾಂದಳೆಯ ಪ್ರಾರ್ಥನಾಮಂದಿರಗಳ ಸೂಚನಾಫಲಕಕ್ಕೂ ಕೊಡುತ್ತಿದ್ದೇನೆ. ಆದ್ದರಿಂದ ಇದು ನಿಮಗೆ ಬರೆದ ಪತ್ರವಾದರೂ ನಿಮಗೊಬ್ಬರಿಗೇ ಬರೆದದ್ದಲ್ಲ.

ಸದ್ದಿಲ್ಲದೆ ಮುಗಿಸೋಣ ಎಂದಿರಿ. ಬಹಿಷ್ಕಾರ ಸದ್ದಿಲ್ಲದೆ ಆಗಿರಲಿಲ್ಲ. ಕೆಳಗೆ ಅರವತ್ತು ಗಂಡಸರು, ಮೇಲೆ ನಾವು ಹೆಂಗಸರು ಮಕ್ಕಳು ಕೇಳುವಂತೆ ಕೂಗಿ ಹೇಳಿದ್ದು. ಕೂಗಿ ಹೇಳಿದ ಸುಳ್ಳನ್ನು ಪೇಂಟರನ ಕುಂಚದಿಂದ ಸರಿಮಾಡಲಾಗದು. ರಾಜರುಗಳು ತಮಗೆ ಬೇಡದವರ ಹೆಸರನ್ನು ಶಾಸನದಿಂದ ಕೆತ್ತಿ ತೆಗೆಸಿದ್ದನ್ನು ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಯಾರೂ ನೋಡದಾಗ ಮರಳಿ ಕೆತ್ತಿಸಿ, ತೆಗೆದೇ ಇರಲಿಲ್ಲ ಎನ್ನುವುದು ಎರಡನೆಯ ಅಪರಾಧ. ಅದು ಮೊದಲನೆಯದಕ್ಕಿಂತ ಜಾಣತನದ್ದು, ಅಷ್ಟೇ.

ಪರಂಪರೆ ಉಳಿಸುತ್ತಿದ್ದೇನೆ ಎನ್ನುತ್ತೀರಿ. ಯಾವುದನ್ನು ಉಳಿಸಿದ್ದೀರಿ? ಗೋಡೆ ಉಳಿದಿದೆ, ಒಲೆ ಉಳಿದಿದೆ, ಗಾಣ ಉಳಿದಿದೆ. ಗಾಣ ನಿಲ್ಲುತ್ತಿದ್ದ ದಿನ ಉಳಿದಿಲ್ಲ. ನಮ್ಮ ಹಿರಿಯರು ಬಿಟ್ಟುಹೋದದ್ದು ಅದೊಂದೇ. ಅದನ್ನು ಪಾಲಿಸಿದವನು ಯಾರು, ಮುರಿಸಿದವರು ಯಾರು ಎನ್ನುವುದನ್ನು ಅದಲು ಬದಲು ಮಾಡಿ ಕಲ್ಲಿನಲ್ಲಿ ಕೆತ್ತಿಸಿದ್ದೀರಿ. ಮೇ 6ರಂದು ನಮ್ಮ ಮೊಮ್ಮಕ್ಕಳು ಅದನ್ನು ಓದಿ ನಿಜವೆಂದು ನಂಬಿ ಮನೆಗೆ ಹೋಗುತ್ತಾರೆ.

ನನ್ನ ತಪ್ಪನ್ನೂ ಇಲ್ಲಿ ಬರೆಯಬೇಕು. ಕಣಜದ ಹಿಂದೆ ಕೂತು ಎಲ್ಲ ಕೇಳಿದ ನಾನು ನಲವತ್ತೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಚಿಕ್ಕವಳಾಗಿದ್ದಾಗ ಹೆದರಿ. ದೊಡ್ಡವಳಾದ ಮೇಲೆ, ಅದೇ ಮನೆಯ ಅನ್ನ ಉಂಡು ಓದಿದವಳು ಎಂಬ ದಾಕ್ಷಿಣ್ಯಕ್ಕೆ. ಆ ಅನ್ನಕ್ಕೆ ನನ್ನ ಅಣ್ಣ ಏನು ಕೊಟ್ಟಿದ್ದ ಎಂದು ನಾನು ಒಮ್ಮೆಯೂ ಅವನನ್ನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂದು ಗೊತ್ತಿತ್ತು. ಮೇ 6ರಂದು ಇದನ್ನು ಎಲ್ಲರ ಎದುರು ಮೊದಲು ನಾನು ಹೇಳುತ್ತೇನೆ, ನನ್ನ ಪಾಲಿನದನ್ನು.

ನಾವು ಬರುತ್ತೇವೆ. ರಹಮೀಮ್ ಬೇಡವೆಂದ, ಒಂದು ವಾರ ನನ್ನೊಡನೆ ಮಾತು ಬಿಟ್ಟ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, "ಬೆನು ಹೇಳಲ್ಲ ಸಿಪ್ಪು. ಹೇಳೋನಾಗಿದ್ರೆ ಅವತ್ತು ಬಾಗಿಲು ಹಾಕ್ಕೊಳ್ತಿರಲಿಲ್ಲ," ಎಂದ. "ಹೇಳದೇ ಇರೋದನ್ನೂ ಎಲ್ಲರೂ ನೋಡ್ಲಿ," ಎಂದೆ. ಬೆಳಿಗ್ಗೆ ನೋಡಿದರೆ ಬಿಳಿ ಟೋಪಿ ಒಗೆದು ಹಾಕಿದ್ದ.

ಅವನು ಮೊದಲ ಸಾಲಿನಲ್ಲಿ ಕೂತಿರುತ್ತಾನೆ. ನನಗೆ ಪತ್ರದಲ್ಲಿ ಉತ್ತರ ಬೇಡ, ಕೋಣೆ ಬೇಡ, ಗೋಡೆಯ ಮೇಲೆ ಜಾಗ ಬೇಡ. ಅವಲಕ್ಕಿ ಕಲಸಿ, ಹಣ್ಣು ಜೋಡಿಸಿ, ಎಲಿಯಾಹು ನಬಿಯ ಹೆಸರು ಹೇಳಿ, ಮಲೀದಾದ ತಟ್ಟೆಗೆ ಯಾರೂ ಕೈ ಹಾಕುವ ಮುಂಚೆ, ನೀವು ಎದ್ದು ನಿಲ್ಲಬೇಕು. ನಿಮ್ಮ ತಂದೆ ನಿಂತಂತೆಯೇ, ಅಷ್ಟೇ ಗಟ್ಟಿ ದನಿಯಲ್ಲಿ, ಕಡೆಯ ಸಾಲಿನವರಿಗೂ ಕೇಳಿಸುವಂತೆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು:

1959ರ ನವೆಂಬರ್ 21ರ ಶನಿವಾರ ಗಾಣ ತಿರುಗಿಸು ಎಂದು ಹೇಳಿದವರು ಯಾರು?

ಸಿಪ್ಪೋರಾ,
ರಹಮೀಮ್ ಕಾಂದಳ್ಕರನ ತಂಗಿ